ಮುಚ್ಚಳಿಕೆ ಮುರಿದ ಹುಡುಗನನ್ನು ಜೈಲಿಗೆ ಕಳಿಸಬೇಕಿತ್ತಾ? ಒಂದು ಪ್ರಕರಣ

ಇದು ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ನಡೆದದ್ದು. ಚಿಕಿತ್ಸೆ ಕೊಟ್ಟ ತಂಡದಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಊರು, ಹೆಸರು ಬರೆಯುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನೂ ಅವನ ಅಕ್ಕನೂ ಬರೆಯಿರಿ ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಬದಲು ಮುಚ್ಚಳಿಕೆ ಬರೆಸಿಕೊಂಡು ಷರತ್ತಿನ ಮೇಲೆ ಬಿಟ್ಟಿದ್ದರಿಂದ, ಹೊರಗಿರುವವನು ಮತ್ತೆ ನಶೆಗೆ ಬಿದ್ದ ಎಂದು ಗೊತ್ತಾದ ತಕ್ಷಣ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ. "ಒಳಗೆ ಹಾಕಿ, ಬುದ್ಧಿ ಬರುತ್ತೆ." ಈ ಹುಡುಗ ಅದಾಗಲೇ ಒಂದು ಸಲ ಒಳಗಿದ್ದು ಬಂದವನು. ಅಲ್ಲಿಂದ ಬಂದ ಮೇಲೆ ಏನಾಯಿತು, ಎರಡನೇ ಸಲ ಕಳಿಸುವ ಹೊತ್ತಿಗೆ ಯಾರು ಏನು ನಿರ್ಧಾರ ಮಾಡಿದರು ಅನ್ನೋದೇ ಈ ಪ್ರಕರಣ.

ಹಿನ್ನೆಲೆ

ವಯಸ್ಸು ಇಪ್ಪತ್ತಾರು. ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ವೈರಿಂಗ್ ಕೆಲಸ. ಕೆಲಸದಲ್ಲಿ ಚುರುಕು ಎಂದು ಕಂಟ್ರಾಕ್ಟರೇ ಹೇಳುತ್ತಿದ್ದರು. ಮಹಡಿ ಮೇಲೆ ಸಾಮಾನು ಹೊತ್ತು ಹೊತ್ತು ಸೊಂಟ ನೋವು ಶುರುವಾಯಿತು. ಜೊತೆಯ ಕೆಲಸಗಾರನೊಬ್ಬ ಒಂದು ಮಾತ್ರೆ ಕೊಟ್ಟ. ಅದು ಟಪೆಂಟಡಾಲ್. ವೈದ್ಯರ ಚೀಟಿ ಇಲ್ಲದೆ ಕೊಡಬಾರದ, ಅಫೀಮಿನ ಹಾಗೆಯೇ ಮೆದುಳಿನ ಮೇಲೆ ಕೆಲಸ ಮಾಡುವ ನೋವಿನ ಮಾತ್ರೆ. ನೋವು ಹೋಯಿತು, ಜೊತೆಗೆ ಮೈ ಹಗುರ ಆಯಿತು. ಒಂದು ವರ್ಷದೊಳಗೆ ಅದನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವ ಹಂತಕ್ಕೆ ಬಂದಿದ್ದ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕುತ್ತಿದ್ದ. ಮನೆಯಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ.

ಸಂಬಳ ಸಾಲದೆ ಹೋದಾಗ ಕಂಟ್ರಾಕ್ಟರ್ ಗೋಡೌನಿನಿಂದ ತಾಮ್ರದ ವೈರಿನ ಸುರುಳಿಗಳನ್ನು ಎತ್ತಿ ಗುಜರಿಗೆ ಹಾಕಿದ. ಒಂದು ಸಲ ಅಲ್ಲ, ಹಲವು ಸಲ. ಸಿಸಿಟಿವಿಯಲ್ಲಿ ಸಿಕ್ಕಿಬಿದ್ದ. ಕೆಲಸಗಾರನೇ ಮಾಲೀಕನ ಸೊತ್ತು ಕದ್ದರೆ ಆಗಿನ ಐಪಿಸಿ 381ನೇ ಕಲಂ, ಏಳು ವರ್ಷದವರೆಗೆ ಶಿಕ್ಷೆ. (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಈ ಪ್ರಕರಣ ಅದಕ್ಕಿಂತ ಹಿಂದಿನದು.) ಯಾರ ಮೇಲೂ ಕೈ ಎತ್ತಿರಲಿಲ್ಲ. ಹಿಂದೆ ಯಾವ ಕೇಸೂ ಇರಲಿಲ್ಲ.

ಶ್ಯೂರಿಟಿ ಕೊಡುವವರು ಸಿಗದೆ ಒಂದೂವರೆ ತಿಂಗಳು ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿದ್ದ. ಮೊದಲ ಮೂರು ದಿನ ಅವನಿಗೆ ನೆನಪಿರುವುದು ಆಕಳಿಕೆ, ಮೂಗಲ್ಲಿ ನೀರು, ಭೇದಿ, ಮೂಳೆ ಮೂಳೆಯಲ್ಲೂ ನೋವು, ಒಂದು ನಿಮಿಷ ನಿದ್ದೆ ಇಲ್ಲ. ಪಕ್ಕದವರು ಜ್ವರ ಅಂದುಕೊಂಡರು. ಒಂದು ವಾರ ಕಳೆದ ಮೇಲೆ ಎದ್ದು ಓಡಾಡಿದ. ಭೇಟಿಗೆ ಬಂದ ಅಮ್ಮನಿಗೆ ಮಗನ ಮುಖ ತುಂಬಿಕೊಂಡ ಹಾಗೆ ಕಂಡಿತು. "ಜೈಲೇ ಒಳ್ಳೇದಾಯ್ತು, ಬಿಟ್ಟುಬಿಟ್ಟಿದ್ದಾನೆ" ಎಂದು ಬಂಧುಗಳಿಗೆಲ್ಲ ಹೇಳಿದರು.

ಬಿಟ್ಟಿರಲಿಲ್ಲ. ಮೈಯಿಂದ ಮದ್ದು ಇಳಿದಿತ್ತು, ಅಷ್ಟೇ. ಜಾಮೀನು ಸಿಕ್ಕಿ ಹೊರಬಂದ ನಾಲ್ಕನೇ ದಿನ ಹಳೇ ಗೆಳೆಯನ ರೂಮಿಗೆ ಹೋಗಿ ಹಳೇ ಲೆಕ್ಕದಲ್ಲೇ ಚುಚ್ಚಿಕೊಂಡ. ಜೈಲಿಗೆ ಹೋಗುವ ಮೊದಲು ಅವನ ಮೈ ತಡೆದುಕೊಳ್ಳುತ್ತಿದ್ದ ಪ್ರಮಾಣ ಅದು. ಈಗ ತಡೆಯಲಿಲ್ಲ. ಉಸಿರು ನಿಧಾನವಾಗಿ ತುಟಿ ನೀಲಿಯಾಯಿತು. ಗೆಳೆಯ ಹೆದರಿ ಓಡಿಹೋಗದೆ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದರಿಂದ, ಕ್ಯಾಶುವಾಲ್ಟಿಯಲ್ಲಿ ನಲಾಕ್ಸೋನ್ (ಅಫೀಮು ಗುಂಪಿನ ಮದ್ದಿನ ಪರಿಣಾಮ ಇಳಿಸುವ ಔಷಧಿ) ಇದ್ದಿದ್ದರಿಂದ ಬದುಕಿದ. ಇದು ಇವನೊಬ್ಬನ ದುರದೃಷ್ಟ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊರಬಂದ ಮೊದಲ ಎರಡು ವಾರದಲ್ಲಿ ಡ್ರಗ್ಸ್ ಪ್ರಮಾಣ ಮೀರಿ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಜೈಲಿನಲ್ಲಿ ಬಲವಂತಕ್ಕೆ ನಿಂತ ಚಟ ವಾಸಿಯಾಯಿತು ಎಂದು ನಂಬುವವರು ಈ ಎರಡು ವಾರವನ್ನು ಮರೆಯುತ್ತಾರೆ.

ಆದೇಶದಲ್ಲಿ ಇದ್ದದ್ದು, ಇಲ್ಲದ್ದು

ಕೋರ್ಟಿನಲ್ಲಿ ಹುಡುಗ ತಪ್ಪೊಪ್ಪಿಕೊಂಡ. ಮ್ಯಾಜಿಸ್ಟ್ರೇಟರು ಜೈಲು ಶಿಕ್ಷೆ ಕೊಡದೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಕರೆದಾಗ ಬಂದು ಶಿಕ್ಷೆ ತೆಗೆದುಕೊಳ್ಳುತ್ತೇನೆ, ಅಲ್ಲಿಯ ತನಕ ಸರಿಯಾಗಿರುತ್ತೇನೆ ಎಂಬ ಕರಾರು. ಅಕ್ಕನ ಗಂಡ ಜಾಮೀನು ನಿಂತರು. ಕಂಟ್ರಾಕ್ಟರ್‌ಗೆ ಪರಿಹಾರವನ್ನು ಕಂತಿನಲ್ಲಿ ಕಟ್ಟಬೇಕು ಎಂದೂ ಆಯಿತು, ಅದಕ್ಕೆ 5ನೇ ಕಲಂನಲ್ಲಿ ಅವಕಾಶ ಇದೆ. ಪರಿವೀಕ್ಷಣಾಧಿಕಾರಿಯ ಮುಂದೆ ತಿಂಗಳಿಗೊಮ್ಮೆ ಹಾಜರಿ. ಬೇರೆ ದೇಶಗಳಲ್ಲಿ ಪೆರೋಲ್ ಮೇಲಿರುವವರಿಗೂ, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆಯಾದವರಿಗೂ, ಹೀಗೇ ನಿಗಾ ಇರುತ್ತದೆ. ನಮ್ಮಲ್ಲಿ ಪೆರೋಲ್ ಎಂದರೆ ಕೈದಿಗೆ ಸಿಗುವ ಕೆಲವು ದಿನಗಳ ರಜೆ, ಹಾಗಾಗಿ ಈ ಪ್ರಶ್ನೆ ನಮಗೆ ಎದುರಾಗುವುದು ಹೆಚ್ಚಾಗಿ ಪ್ರೊಬೇಷನ್‌ನಲ್ಲಿ.

ಮುಚ್ಚಳಿಕೆಯಲ್ಲಿ ಇನ್ನೊಂದು ಸಾಲಿತ್ತು. ಯಾವುದೇ ಅಮಲು ಪದಾರ್ಥ ಸೇವಿಸಬಾರದು.

ಕಾಯ್ದೆ ಅಂಥ ಷರತ್ತು ಹಾಕಲು ಬಿಡುತ್ತದೆ. ಆದರೆ ಚಟ ಹೇಗೆ ಬಿಡಬೇಕು, ಎಲ್ಲಿ ಚಿಕಿತ್ಸೆ, ಯಾರು ಕರೆದುಕೊಂಡು ಹೋಗಬೇಕು ಅನ್ನೋದರ ಬಗ್ಗೆ ಆದೇಶದಲ್ಲಿ ಒಂದು ಪದವೂ ಇರಲಿಲ್ಲ. ನನ್ನ ಪ್ರಕಾರ ಮುಂದಿನ ಎಲ್ಲ ತೊಂದರೆಯ ಬೇರು ಆ ಸಾಲೇ. ಕಾಲು ಮುರಿದವನಿಗೆ ಕುಂಟಬಾರದು ಎಂದು ಬರೆಸಿಕೊಂಡ ಹಾಗೆ. ಮ್ಯಾಜಿಸ್ಟ್ರೇಟರನ್ನು ದೂರುವುದಕ್ಕೂ ಆಗುವುದಿಲ್ಲ. ಅವರ ಮುಂದೆ ಇದ್ದದ್ದು ಕಳ್ಳತನದ ಫೈಲು. ಮಾತ್ರೆಯ ವಿಷಯ ಅದರಲ್ಲಿ "ದುಶ್ಚಟಗಳಿಗೆ ದಾಸನಾಗಿ" ಎಂಬ ಎರಡು ಪದದಲ್ಲಿ ಮುಗಿದಿತ್ತು.

ಮನೆಯವರು ಮಾಡಿ ನೋಡಿದ್ದು

ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರು ಸಾಲ ಮಾಡಿ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಸೇರಿಸಿದರು ಅನ್ನೋದಕ್ಕಿಂತ ರಾತ್ರಿ ನಾಲ್ಕು ಜನ ಬಂದು ವ್ಯಾನಿನಲ್ಲಿ ಎತ್ತಿಕೊಂಡು ಹೋದರು. ಫೋನಿಲ್ಲ, ಮನಃಶಾಸ್ತ್ರಜ್ಞರಿಲ್ಲ, ಔಷಧಿ ಅಂದರೆ ನಿದ್ದೆ ಬರಿಸುವುದು ಮಾತ್ರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಡ್ರಗ್ಸ್ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಇಟ್ಟಿದೆ. ಅಂಥವರನ್ನು ದಾಖಲಿಸಿಕೊಳ್ಳುವ ಜಾಗಕ್ಕೆ ನೋಂದಣಿ ಇರಬೇಕು, ರೋಗಿಗೆ ಹಕ್ಕುಗಳಿವೆ. ಇದು ಮನೆಯವರಿಗೆ ಗೊತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಹೊರಬಂದ. ವಾರದೊಳಗೆ ಮತ್ತೆ ಮಾತ್ರೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜೈಲು ಬೇಡ, ಚಿಕಿತ್ಸೆ ಬೇಕು ಎಂದು ನಾವು ವಾದ ಮಾಡುವಾಗ ಎದುರಿನವರು "ಚಿಕಿತ್ಸೆನೂ ಕೊಡಿಸಿ ಆಯ್ತಲ್ಲ" ಅನ್ನುತ್ತಾರೆ. ಬೀಗ ಹಾಕಿದ ಕೋಣೆಗೆ ಬೇರೆ ಬೋರ್ಡು ಹಾಕಿದರೆ ಅದು ಚಿಕಿತ್ಸೆ ಆಗುವುದಿಲ್ಲ. ಈ ಹುಡುಗನಿಗೆ ಅಲ್ಲಿಯ ತನಕ ಚಿಕಿತ್ಸೆ ಸಿಕ್ಕೇ ಇರಲಿಲ್ಲ.

ಈ ಮಧ್ಯೆ ತಿಂಗಳ ಹಾಜರಿ ನಡೆಯುತ್ತಿತ್ತು. ಮೂತ್ರ ಪರೀಕ್ಷೆಯೂ ಆಯಿತು, ನೆಗೆಟಿವ್ ಬಂತು. ಎಲ್ಲರೂ ಸಮಾಧಾನಪಟ್ಟರು. ಆ ಪರೀಕ್ಷೆಗೆ ಬಳಸಿದ ಸ್ಟ್ರಿಪ್ ಮಾರ್ಫಿನ್ ಗುಂಪನ್ನು ಹಿಡಿಯುವಂಥದ್ದು. ಟಪೆಂಟಡಾಲ್ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಹುಡುಗನಿಗೆ ಇದು ಗೊತ್ತಿತ್ತು. ಅಧಿಕಾರಿಗೆ ಗೊತ್ತಿರಲಿಲ್ಲ. ನೆಗೆಟಿವ್ ರಿಪೋರ್ಟ್ ಹಿಡಿದುಕೊಂಡು ಅಮ್ಮ ದೇವಸ್ಥಾನಕ್ಕೆ ಹೋಗಿ ಬಂದ ದಿನವೇ ಅವನು ಬಚ್ಚಲುಮನೆಯಲ್ಲಿ ಚುಚ್ಚಿಕೊಳ್ಳುತ್ತಿದ್ದ. ಇದನ್ನು ನಮ್ಮ ಹತ್ತಿರ ಹೇಳುವಾಗ ತಲೆ ಎತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಅಕ್ಕನ ಕೈಯಲ್ಲಿ. ಅಟ್ಟದ ಮೇಲೆ ಸಿರಿಂಜು ಸಿಕ್ಕಿತು. ಭಾವನಿಗೆ ಸಿಟ್ಟು ಬಂತು, ಅವರು ಜಾಮೀನು ನಿಂತವರು ಅಲ್ವಾ. ನೇರ ಪರಿವೀಕ್ಷಣಾಧಿಕಾರಿಯ ಕಚೇರಿಗೆ ಹೋಗಿ ಹೇಳಿದರು. ಅಧಿಕಾರಿ ಮೇಡಂ ಕೋರ್ಟಿಗೆ ವರದಿ ಮಾಡಲೇಬೇಕಿತ್ತು, ಮಾಡಿದರು. ಪರಿವೀಕ್ಷಣಾ ಕಾಯ್ದೆಯ 9ನೇ ಕಲಂ ಪ್ರಕಾರ ಹುಡುಗನಿಗೂ ಜಾಮೀನುದಾರರಿಗೂ ಸಮನ್ಸ್ ಬಂತು.

ತಿರುವು

ಷರತ್ತು ಮುರಿದದ್ದು ಸಾಬೀತಾದರೆ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು ಎಂದು 9ನೇ ಕಲಂ ಹೇಳುತ್ತದೆ. ಎಲ್ಲರಿಗೂ ಗೊತ್ತಿರುವ ಭಾಗ ಇದು. ಅದೇ ಕಲಂನ ಮುಂದಿನ ಭಾಗ ಓದುವವರು ಕಡಿಮೆ. ಮೊದಲ ಸಲ ತಪ್ಪಿದ್ದರೆ ಮುಚ್ಚಳಿಕೆಯನ್ನು ಹಾಗೇ ಮುಂದುವರಿಸಿ 50 ರೂಪಾಯಿ ಮೀರದ ದಂಡ ಹಾಕಬಹುದು. ಹೌದು, ಐವತ್ತು ರೂಪಾಯಿ. 1958ರ ಮೊತ್ತ, ಇವತ್ತಿಗೂ ಹಾಗೇ ಇದೆ. ಮೊತ್ತ ಮುಖ್ಯ ಅಲ್ಲ. ಒಂದು ಸಲ ಎಡವಿದವನನ್ನು ಹೊರಗೇ ಇಟ್ಟುಕೊಂಡು ಸರಿಪಡಿಸಲು ನೋಡಿ ಎಂದು ಶಾಸನವೇ ದಾರಿ ಮಾಡಿಕೊಟ್ಟಿದೆ. ಜೊತೆಗೆ 8ನೇ ಕಲಂ ಇದೆ. ಪರಿವೀಕ್ಷಣಾಧಿಕಾರಿ ಅರ್ಜಿ ಹಾಕಿದರೆ ಮುಚ್ಚಳಿಕೆಯ ಷರತ್ತನ್ನು ಬದಲಿಸಬಹುದು, ಹೊಸದು ಸೇರಿಸಬಹುದು.

ಮೇಡಂ ಎರಡನ್ನೂ ಬಳಸಿದರು. ಅದಕ್ಕೂ ಮೊದಲು ಹುಡುಗನನ್ನು ನಮ್ಮ ಹತ್ತಿರ ಕರೆತಂದರು, ಕೋರ್ಟಿನ ದಿನಾಂಕಕ್ಕೆ ಇನ್ನೂ ಎರಡು ವಾರ ಇತ್ತು. ಡಾಕ್ಟರು ತೋಳು ನೋಡಿ, ಮಾತಾಡಿಸಿ, ಒಂದು ಪುಟದ ಪತ್ರ ಬರೆದರು. ಅಫೀಮು ಗುಂಪಿನ ಮದ್ದಿನ ಅವಲಂಬನೆ ಇದೆ, ಇದಕ್ಕೆ ಔಷಧಿ ಇದೆ, ಇಲ್ಲೇ ಸಿಗುತ್ತದೆ, ಜೈಲಿಗೆ ಹೋಗಿ ಚಿಕಿತ್ಸೆ ಇಲ್ಲದೆ ಹೊರಬಂದರೆ ಜೀವಕ್ಕೆ ಅಪಾಯ, ಹಿಂದೆ ಒಮ್ಮೆ ಆಗಿದೆ. ಇಷ್ಟೇ. ಕರುಣೆ ಕೇಳುವ ಮಾತು ಅದರಲ್ಲಿ ಇರಲಿಲ್ಲ. ಆ ಪತ್ರ ಕೆಲಸ ಮಾಡಿದ್ದು ಅದಕ್ಕೇ ಅಂತ ನನಗನ್ನಿಸುತ್ತದೆ.

ಎಪಿಪಿ, ಅಂದರೆ ಸರ್ಕಾರದ ಪರ ವಕೀಲರು, ವಿರೋಧ ಮಾಡಿದರು. ಅವರ ಮಾತಿನಲ್ಲೂ ಹುರುಳಿತ್ತು. ಕೋರ್ಟು ಒಂದು ಅವಕಾಶ ಕೊಟ್ಟಿದೆ, ಆತ ಪರೀಕ್ಷೆಯಲ್ಲೂ ಮೋಸ ಮಾಡಿದ್ದಾನೆ, ಮತ್ತೆ ಬಿಟ್ಟರೆ ಉಳಿದವರಿಗೆ ಏನು ಹೇಳಿದ ಹಾಗಾಯಿತು? ಕಂಟ್ರಾಕ್ಟರೂ ಬಂದಿದ್ದರು. "ನನ್ನ ಮಾಲು ಹೋಯ್ತು ಸ್ವಾಮಿ, ಇವನಿಗೆ ಮಾತ್ರೆ ಪುಕ್ಕಟೆ ಕೊಡ್ತೀವಿ ಅಂತಿದ್ದಾರೆ" ಎಂದರು. ಅವರ ಸಂಕಟ ಸುಳ್ಳಲ್ಲ. ಆದರೆ ಕಾನೂನು ನೆರವಿನ ವಕೀಲರು ಕೇಳಿದ್ದು ಸರಳವಾದ ಪ್ರಶ್ನೆ. ಒಳಗೆ ಹೋದರೆ ಕಂತು ಕಟ್ಟುವವರು ಯಾರು? ಕಂಟ್ರಾಕ್ಟರ್ ಸುಮ್ಮನಾದರು.

ಮ್ಯಾಜಿಸ್ಟ್ರೇಟರು ಅಕ್ಕನನ್ನು ಕರೆದರು. "ಎಷ್ಟು ದಿನ ನೋಡ್ಕೊಳ್ತೀರಮ್ಮ?"

"ಮಾತ್ರೆ ನನ್ನ ಕೈಲಿ ಇರುತ್ತೆ ಸ್ವಾಮಿ. ತಪ್ಪಿಸಿದ್ರೆ ನಾನೇ ಬಂದು ಹೇಳ್ತೀನಿ. ಹಿಂದೆನೂ ನಾವೇ ತಾನೆ ಹೇಳಿದ್ದು."

50 ರೂಪಾಯಿ ದಂಡ. ಮುಚ್ಚಳಿಕೆ ಮುಂದುವರಿಕೆ. ಹಳೇ ಸಾಲಿನ ಜಾಗದಲ್ಲಿ ಹೊಸ ಷರತ್ತು: ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ತಪ್ಪದೆ ಹಾಜರಾಗಬೇಕು, ವೈದ್ಯರು ಬರೆದುಕೊಟ್ಟ ಔಷಧಿಯನ್ನು ಹೊರತುಪಡಿಸಿ ಬೇರೆ ಅಮಲು ಪದಾರ್ಥ ಸೇವಿಸಬಾರದು. "ವೈದ್ಯರು ಬರೆದುಕೊಟ್ಟ ಔಷಧಿಯನ್ನು ಹೊರತುಪಡಿಸಿ" ಎಂಬುದನ್ನು ವಕೀಲರು ಹಟ ಹಿಡಿದು ಸೇರಿಸಿದರು. ಅದಿಲ್ಲದಿದ್ದರೆ ನಾವು ಕೊಡುವ ಮಾತ್ರೆಯೇ ಷರತ್ತಿನ ಉಲ್ಲಂಘನೆ ಆಗುತ್ತಿತ್ತು.

ಚಿಕಿತ್ಸೆ ನಡೆದ ಬಗೆ

ಔಷಧಿ ಬ್ಯುಪ್ರೆನಾರ್ಫಿನ್. ಇದೂ ಅಫೀಮು ಗುಂಪಿನದೇ, ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ ಹಿಡಿತದಲ್ಲಿರುವುದೇ, ಆದರೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅಮಲು ಏರಿಸದೆ ಚಡಪಡಿಕೆ ತಡೆಯುತ್ತದೆ. ಮೊದಲ ದಿನ ರಾತ್ರಿಯಿಂದ ಏನೂ ತೆಗೆದುಕೊಳ್ಳದೆ ಬಾ ಎಂದಿದ್ದರು. ಹಳೇ ಮದ್ದು ಮೈಯಲ್ಲಿರುವಾಗಲೇ ಕೊಟ್ಟರೆ ಮದ್ದು ನಿಂತಾಗ ಬರುವ ಯಾತನೆ ಒಮ್ಮೆಲೇ ಎದ್ದುಬಿಡುತ್ತದೆ. ಬೆಳಿಗ್ಗೆ ಬಂದಾಗ ಆಕಳಿಸುತ್ತಿದ್ದ, ಮೂಗು ಒರೆಸಿಕೊಳ್ಳುತ್ತಿದ್ದ, ತೋಳಿನ ಮೇಲೆ ರೋಮ ನಿಂತಿತ್ತು. ನರ್ಸ್ ಮಾತ್ರೆ ಪುಡಿ ಮಾಡಿ ನಾಲಿಗೆಯ ಅಡಿ ಹಾಕಿದರು. ನುಂಗಬಾರದು, ಮಾತಾಡಬಾರದು, ಕರಗುವ ತನಕ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಆಮೇಲೆ ನರ್ಸ್ ನಾಲಿಗೆ ಎತ್ತಿಸಿ ಟಾರ್ಚ್ ಬಿಟ್ಟು ನೋಡುತ್ತಾರೆ. ಒಂದು ಗಂಟೆಯಲ್ಲಿ ಆಕಳಿಕೆ ನಿಂತಿತು. ಎಷ್ಟೋ ದಿನದ ಮೇಲೆ ಟೀ ಕುಡಿಯಬೇಕು ಅನ್ನಿಸಿದೆ ಎಂದ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ದಿನಾ ಬಂದು ನಮ್ಮ ಎದುರೇ ಮಾತ್ರೆ ತೆಗೆದುಕೊಳ್ಳಬೇಕು. ಕೌಂಟರ್ ತೆರೆಯುವ ಹೊತ್ತಿಗೇ ಅವನ ಕೆಲಸವೂ ಶುರು. ಹೊಸ ಮೇಸ್ತ್ರಿ ಎರಡು ವಾರ ತಡೆದು ಮೂರನೇ ವಾರ ಬೇಡ ಎಂದುಬಿಟ್ಟ. ಕೋರ್ಟು ಚಿಕಿತ್ಸೆ ಬೇಕು ಅನ್ನುತ್ತದೆ, ಪರಿಹಾರದ ಕಂತೂ ಬೇಕು ಅನ್ನುತ್ತದೆ, ಎರಡೂ ಬೆಳಿಗ್ಗೆ ಒಂಬತ್ತಕ್ಕೇ ಬಂದು ನಿಲ್ಲುತ್ತವೆ. ಆರಂಭದ ವಾರಗಳು ದಾಟಿದ ಮೇಲೆ ಡಾಕ್ಟರು ಕೆಲವು ದಿನದ ಮಾತ್ರೆಯನ್ನು ಅಕ್ಕನ ಕೈಗೆ ಕೊಡಲು ಒಪ್ಪಿದರು. ಅಕ್ಕ ಅದನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಮಂಗಳಸೂತ್ರಕ್ಕೇ ಸಿಕ್ಕಿಸಿಕೊಂಡರು. ಈ ಒಂದು ಸಡಿಲಿಕೆ ಸಿಗದಿದ್ದರೆ ಅವನು ಆಗಲೇ ಚಿಕಿತ್ಸೆ ಬಿಡುತ್ತಿದ್ದ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಅಪ್ಪ ಕೊನೆಯ ತನಕ ಒಪ್ಪಲಿಲ್ಲ. "ಒಂದು ಬಿಟ್ಟು ಇನ್ನೊಂದು ಹಿಡ್ಕೊಂಡಿದ್ದಾನೆ, ಇದೂ ಮಾತ್ರೆನೇ ತಾನೆ" ಎನ್ನುತ್ತಿದ್ದರು. ಅವರಿಗೆ ಬಿಪಿ ಇತ್ತು, ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದನ್ನು ನೆನಪಿಸಿದರೆ ಅದು ಬೇರೆ ಎನ್ನುತ್ತಿದ್ದರು. ಮಗ ತಿಂಗಳ ಸಂಬಳ ತಂದು ಅಮ್ಮನ ಕೈಗೆ ಕೊಡಲು ಶುರು ಮಾಡಿದ ಮೇಲೆ ಬೈಯುವುದು ಕಡಿಮೆ ಆಯಿತು.

ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಬಂತು, ಒಂದೇ ಸಿರಿಂಜು ಹಂಚಿಕೊಂಡಿದ್ದರ ಫಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದರ ಔಷಧಿ ಉಚಿತ. ಹನ್ನೆರಡು ವಾರದ ಮಾತ್ರೆ ಮುಗಿಸಿದ, ವೈರಸ್ ಹೋಯಿತು.

ಕೋರ್ಟಿಗೆ ಏನು ಹೇಳಬೇಕು, ಏನು ಹೇಳಬಾರದು

ನನಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸಿದ್ದು ಇದು. ಮೊದಲ ವಾರವೇ ಹುಡುಗ ಕೇಳಿದ್ದ: "ಮೇಡಂ, ನಾನು ನಿಮ್ಮ ಹತ್ತಿರ ಹೇಳಿದ್ದೆಲ್ಲ ಜಡ್ಜ್‌ಗೆ ಹೋಗುತ್ತಾ?"

ಹೋಗುತ್ತದೆ ಎಂದರೆ ಅವನು ಸತ್ಯ ಹೇಳುವುದಿಲ್ಲ. ಸತ್ಯ ಹೇಳದಿದ್ದರೆ ಡಾಕ್ಟರಿಗೆ ಔಷಧಿಯ ಪ್ರಮಾಣವೇ ಗೊತ್ತಾಗುವುದಿಲ್ಲ. ಏನೂ ಹೋಗುವುದಿಲ್ಲ ಎಂದರೆ ಅದು ಸುಳ್ಳು, ಕೋರ್ಟಿಗೆ ವರದಿ ಹೋಗಲೇಬೇಕು. ಡಾಕ್ಟರು, ಪರಿವೀಕ್ಷಣಾಧಿಕಾರಿ, ನಾನು, ಹುಡುಗ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡೆವು. ವರದಿಯಲ್ಲಿ ಹೋಗುವುದು ಹಾಜರಾತಿ, ಔಷಧಿ ಪಡೆಯುತ್ತಿದ್ದಾನೋ ಇಲ್ಲವೋ, ಚಿಕಿತ್ಸೆ ಮುಂದುವರಿಸುವುದು ಸೂಕ್ತವೋ ಎಂಬ ಡಾಕ್ಟರ ಅಭಿಪ್ರಾಯ. ಸಮಾಲೋಚನೆಯ ಮಾತು ಹೋಗುವುದಿಲ್ಲ. ಬೇರೆಯವರ ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ ಹೇಳಲೇಬೇಕಾಗುತ್ತದೆ. ಮೇಡಂ ಈ ಹಾಳೆಯನ್ನು ಮೊದಲ ವರದಿಯ ಜೊತೆಯಲ್ಲೇ ಕೋರ್ಟಿನ ಮುಂದೆ ಇಟ್ಟರು, ಮುಚ್ಚಿಡಲಿಲ್ಲ. ಯಾರೂ ಆಕ್ಷೇಪ ಮಾಡಲಿಲ್ಲ.

ನಾಲ್ಕನೇ ತಿಂಗಳಲ್ಲಿ ಇದರ ಬೆಲೆ ಗೊತ್ತಾಯಿತು. ಮದುವೆ ಮಾತುಕತೆ ನಡೆದಿದ್ದ ಹುಡುಗಿಯ ಮನೆಯವರು ಕೇಸಿನ ವಿಷಯ ತಿಳಿದು ಬೇಡ ಅಂದರು. ಅವತ್ತು ರಾತ್ರಿ ಮತ್ತೆ ಟಪೆಂಟಡಾಲ್ ಚುಚ್ಚಿಕೊಂಡ. ಮಾರನೇ ದಿನ ಅವನೇ ಬಂದ, ಅವನೇ ಹೇಳಿದ. ಸ್ಟ್ರಿಪ್ಪಿನಲ್ಲಿ ಸಿಗದ ಮದ್ದು ಎಂದು ಚೆನ್ನಾಗಿ ಗೊತ್ತಿದ್ದವನು, ಸುಮ್ನೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡಾಕ್ಟರು ಪ್ರಮಾಣ ಸ್ವಲ್ಪ ಹೆಚ್ಚಿಸಿದರು, ಎರಡು ವಾರ ಮತ್ತೆ ದಿನಾ ಬರಲು ಹೇಳಿದರು, ಗೆಳೆಯನ ರೂಮಿನ ಕಡೆಯ ದಾರಿ ಬಿಟ್ಟು ಬೇರೆ ಬಸ್ ಹಿಡಿಯುವುದು ಎಂದಾಯಿತು. ತಿಂಗಳ ವರದಿಯಲ್ಲಿ "ಚಿಕಿತ್ಸೆಗೆ ಹಾಜರಾಗುತ್ತಿದ್ದಾರೆ, ಔಷಧಿಯ ಪ್ರಮಾಣ ಹೊಂದಿಸಲಾಗಿದೆ, ಮುಂದುವರಿಸುವುದು ಸೂಕ್ತ" ಎಂದು ಹೋಯಿತು. ಒಂದೊಂದು ಎಡವಟ್ಟೂ ಕೋರ್ಟಿನ ನೋಟಿಸ್ ಆಗುತ್ತಿದ್ದರೆ ಅವನು ಅವತ್ತು ಬರುತ್ತಿರಲಿಲ್ಲ, ತಲೆಮರೆಸಿಕೊಳ್ಳುತ್ತಿದ್ದ.

ಕ್ಯಾಲಿಫೋರ್ನಿಯಾದಲ್ಲಿ 2000ದ ನವೆಂಬರ್‌ನಲ್ಲಿ ಜನರೇ ಮತ ಹಾಕಿ ಒಪ್ಪಿದ ಪ್ರಾಪೊಸಿಷನ್ 36 ಹೆಚ್ಚುಕಡಿಮೆ ಇದೇ ದಾರಿ ಹಿಡಿದಿತ್ತು. ಸ್ವಂತ ಬಳಕೆಗೆ ಡ್ರಗ್ಸ್ ಇಟ್ಟುಕೊಂಡು ಸಿಕ್ಕಿದ ಅಹಿಂಸಾತ್ಮಕ ಅಪರಾಧಿಗಳಿಗೆ, ಪ್ರೊಬೇಷನ್ ಇರಲಿ ಪೆರೋಲ್ ಇರಲಿ, ಮೊದಲು ಚಿಕಿತ್ಸೆ. ಒಂದು ಸಲ ಮತ್ತೆ ಡ್ರಗ್ಸ್ ಮುಟ್ಟಿದ ಮಾತ್ರಕ್ಕೆ ನೇರ ಜೈಲಿಲ್ಲ. ನಮ್ಮ ಎನ್‌ಡಿಪಿಎಸ್ ಕಾಯ್ದೆಯಲ್ಲೂ 39 ಮತ್ತು 64ಎ ಕಲಂಗಳಿವೆ. ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿಯನ್ನು ಕೋರ್ಟು ಅವನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಬಿಡಬಹುದು. ತಾನಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದವನಿಗೆ ಅಂಥ ಕೇಸಿನಿಂದ ರಕ್ಷಣೆ ಇದೆ. ಇವನದು ಕಳ್ಳತನದ ಕೇಸು, ಹಾಗಾಗಿ ಅವು ಇಲ್ಲಿ ಬರಲಿಲ್ಲ. ಆದರೆ ಮಗ ಗಾಂಜಾ ಕೇಸಿನಲ್ಲಿ ಸಿಕ್ಕಿದ ಎಂದು ಕಂಗಾಲಾದ ಎಷ್ಟೋ ಮನೆಯವರಿಗೆ ಈ ಎರಡು ಕಲಂಗಳ ಹೆಸರೂ ಗೊತ್ತಿರುವುದಿಲ್ಲ. ವಕೀಲರನ್ನು ಕೇಳಿ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ.

ಈಗ

ಮುಚ್ಚಳಿಕೆಯ ಅವಧಿ ಮುಗಿದು ಒಂದು ವರ್ಷದ ಮೇಲಾಯಿತು. ಕಂಟ್ರಾಕ್ಟರ್‌ಗೆ ಕೊನೆಯ ಕಂತೂ ಸಂದಿದೆ, ವಾಪಸ್ ಕೆಲಸಕ್ಕೆ ಮಾತ್ರ ಕರೆದಿಲ್ಲ. ಹುಡುಗ ಈಗ ಇನ್ನೊಬ್ಬರ ಹತ್ತಿರ ವೈರಿಂಗ್ ಮಾಡುತ್ತಾನೆ. ಬ್ಯುಪ್ರೆನಾರ್ಫಿನ್ ಇನ್ನೂ ನಡೆಯುತ್ತಿದೆ, ಮೊದಲಿಗಿಂತ ಕಡಿಮೆ ಪ್ರಮಾಣದಲ್ಲಿ. ಪೂರ್ತಿ ನಿಲ್ಲಿಸುವ ಆತುರ ಡಾಕ್ಟರಿಗೂ ಇಲ್ಲ, ಅವನಿಗೂ ಇಲ್ಲ. ಬೇಗ ನಿಲ್ಲಿಸಿದರೆ ಮತ್ತೆ ಬೀಳುವ ಸಾಧ್ಯತೆ ಜಾಸ್ತಿ. ಭಾವ ಇನ್ನೂ ಸರಿಯಾಗಿ ಮಾತಾಡಿಸುವುದಿಲ್ಲ.

ಇದೇ ದಾರಿ ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಇವನಿಗೆ ಹಟ ಬಿಡದ ಅಕ್ಕ ಇದ್ದರು, ಕಲಂ ಓದಿಕೊಂಡ ಅಧಿಕಾರಿ ಇದ್ದರು, ಔಷಧಿ ಸಿಗುವ ಆಸ್ಪತ್ರೆ ಬಸ್ಸಿನ ದೂರದಲ್ಲಿತ್ತು. ಈಗ ಅದೇ ಮೇಡಂ ಇನ್ನೊಬ್ಬ ಹುಡುಗನನ್ನು ಕರೆತಂದಿದ್ದಾರೆ. ಅವನು ಪ್ರೊಬೇಷನ್ ಮೇಲಿರುವಾಗಲೇ ಎರಡನೇ ಬೈಕ್ ಕದ್ದಿದ್ದಾನೆ, ಕುಡಿತವೂ ಇದೆ, ಮನೆಯಲ್ಲಿ ಹೆಂಡತಿ ಮೇಲೆ ಕೈ ಮಾಡಿದ್ದಾನೆ ಎಂಬ ಮಾತೂ ಇದೆ. ಐವತ್ತು ರೂಪಾಯಿಯ ಉಪಕಲಂ ಅಲ್ಲಿ ಸುಲಭಕ್ಕೆ ನಿಲ್ಲುವುದಿಲ್ಲ. ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಮಾತಾಡಿಸದೆ ನಾವು ಯಾವ ಪತ್ರವನ್ನೂ ಬರೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆಕೆಯನ್ನು ಮುಂದಿನ ವಾರ ಬರಲು ಹೇಳಿದ್ದೇವೆ.